ಗುಂಡಕಲ್ಲಿಗೆ ತೊಡಿಸಿದ ಕೆಂಪು ಕುಂಚಿಗೆ

ಈ ಕಥೆಯ ಮೊದಲರ್ಧವನ್ನು ನಾನು ಹೇಳದ ಮನೆ ನಮ್ಮ ಓಣಿಯಲ್ಲಿ ಇಲ್ಲ. ಮದುವೆ ಮನೆಯಲ್ಲಿ ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಂಡು ಕೂತಾಗ ಯಾರಾದರೂ, "ಅಜ್ಜಾರ, ಮೊರಕ್ಕ ಸುಣ್ಣಾ ಹಚ್ಚಿ ಫೋಟೋ ತಗದದ್ದು ಹೇಳ್ರಿ" ಅನ್ನುತ್ತಾರೆ. ನಾನು ಹೇಳುತ್ತೇನೆ. ಧೋತರ, ಮೊರ, ಗುಂಡಕಲ್ಲು ಎಲ್ಲ ಬರುತ್ತವೆ, ಜನ ನಗುತ್ತಾರೆ, ಕಥೆ ಅಲ್ಲಿಗೆ ನಿಲ್ಲುತ್ತದೆ. ಅದರ ಮುಂದಿನದನ್ನು ಯಾರಿಗೂ ಹೇಳಿಲ್ಲ. ಹೆಂಡತಿಗೂ ಹೇಳಲಿಲ್ಲ, ಈಗ ಆಕೆಯೂ ಇಲ್ಲ. ಬರೆಯಲು ಕೂತಾಗಲೆಲ್ಲ ಬೆಳಕಿನ ವಿಷಯ ಸರಾಗವಾಗಿ ಬರೆದು, ಬಣ್ಣದ ವಿಷಯ ಬರುವ ಹೊತ್ತಿಗೆ ಕನ್ನಡಕ ತೆಗೆದಿಟ್ಟು ಎದ್ದುಬಿಡುತ್ತಿದ್ದೆ. ಈ ಸಲ ಏಳಬಾರದೆಂದು ಕೂತಿದ್ದೇನೆ.

ಎರಡನೆಯ ದೊಡ್ಡ ಯುದ್ಧ ಶುರುವಾಗುವುದಕ್ಕೆ ಸ್ವಲ್ಪ ಮೊದಲಿನ ಮಾತು. ನಾನು ಮ್ಯಾಟ್ರಿಕ್ ಮುಗಿಸಿ, ಹುಬ್ಬಳ್ಳಿಯ ಒಂದು ಸ್ಟುಡಿಯೋದಲ್ಲಿ ಕೆಲಸ ಕಲಿತು, ಅವರು ಮೂಲೆಗೆ ಹಾಕಿದ್ದ ಹಳೆಯ ಕಟ್ಟಿಗೆಯ ಕ್ಯಾಮೆರಾ ಹೊತ್ತುಕೊಂಡು ಹಾನಗಲ್ಲಿಗೆ ಮರಳಿದ್ದೆ. ಅಪ್ಪ ಹೊಲದ ಮನುಷ್ಯ. ಗಾಜಿನ ಪ್ಲೇಟಿನ ಮೇಲೆ ಮುಖ ಮೂಡಿಸುವುದು ಅವನಿಗೆ ಕೆಲಸವಾಗಿ ಕಾಣುತ್ತಿರಲಿಲ್ಲ. ಅವನನ್ನು ಒಲಿಸಲು ಮೊದಲ ಪ್ಲೇಟನ್ನು ಅವನಿಗೂ ಅವ್ವನಿಗೂ ಖರ್ಚು ಮಾಡಿದೆ. ಚಿತ್ರ ನೋಡಿ ಅವ್ವ ಅಂದಳು: "ಅಲ್ಲೋ, ನಾ ಕೆಂಪ ಕುಂಕುಮಾ ಹಚಗೊಂಡು ಕುಂತಿದ್ದೆ. ಇದ್ಯಾಕ ಕರ್ರಗ ಕಾಡಿಗಿ ಬಟ್ಟ ಆಗೈತಿ?"

"ಫೋಟೋದಾಗ ಹಂಗ ಬರ್ತೈತವ್ವ."

"ಹಂಗಂದ್ರ ಹಂಗ," ಎಂದು ಆಕೆ ಅದನ್ನು ಪಡಸಾಲೆಯ ಗೋಡೆಗೆ ಹಾಕಿಸಿದಳು. ಹುಬ್ಬಳ್ಳಿಯಲ್ಲಿ ನಾನು ತೊಳೆದು ಒಣಗಿಸಿದ ಮುತ್ತೈದೆಯರ ಫೋಟೋಗಳಲ್ಲೆಲ್ಲ ಕುಂಕುಮ ಕರಿಯೇ. ಯಾಕೆಂದು ನಾನು ಕೇಳಿರಲಿಲ್ಲ. ಯಾರೂ ಹೇಳಿರಲಿಲ್ಲ.

ನಮ್ಮ ಮನೆಯಿಂದ ಎರಡು ಮನೆ ಆಚೆ, ಅಣ್ಣನ ಆಶ್ರಯದಲ್ಲಿ ಒಬ್ಬ ಹೆಣ್ಣುಮಗಳು ಇದ್ದಳು. ನನಗಿಂತ ಏಳೆಂಟು ವರ್ಷ ದೊಡ್ಡವಳು. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದವಳು. ಓಣಿಯವರೆಲ್ಲ ಅಕ್ಕ ಎನ್ನುತ್ತಿದ್ದರು, ನಾನೂ ಸದ್ಯಕ್ಕೆ ಹಾಗೇ ಬರೆಯುತ್ತೇನೆ. ಆಕೆ ಕೂಸುಗಳಿಗೆ ಕುಂಚಿಗೆ ಹೊಲಿಯುತ್ತಿದ್ದಳು. ತಲೆಗೆ ಟೊಪ್ಪಿಗೆಯಂತೆ ಕೂತು ಬೆನ್ನ ಮೇಲೆ ಇಳಿಬೀಳುವ ಬಿಳಿ ಕೈಮಗ್ಗದ ಬಟ್ಟೆ, ಅದರ ಅಂಚಿಗೆ ಕೆಂಪು ದಾರದ ಕಸೂತಿ: ಗೋಪುರ, ಗಿಳಿ, ತುಳಸಿಕಟ್ಟೆ. ಗೆರೆ ಬರೆದುಕೊಳ್ಳದೆ ಬಟ್ಟೆಯ ಎಳೆ ಎಣಿಸಿಯೇ ಹಾಕುವ ಹೊಲಿಗೆ ಅದು. ಗಂಟು ಇರುವುದಿಲ್ಲ, ಒಳಗೂ ಹೊರಗೂ ಒಂದೇ. ಹೊಲಿಗೆ ಬಲ್ಲವರು ಊರಲ್ಲಿ ಇನ್ನೂ ಇದ್ದರು. ಆದರೆ ಆ ಕೆಂಪು ಆಕೆಯದೇ. ಬೇರು ಕುಟ್ಟಿ, ಪಟಿಕ ಹಾಕಿ, ಹಿತ್ತಲಿನ ಮಣ್ಣಿನ ಹರವಿಯಲ್ಲಿ ದಾರದ ಲಡಿಗಳನ್ನು ಕುದಿಸುತ್ತಿದ್ದಳು. ತಾಯಿಯಿಂದ ಕಲಿತದ್ದು. ತಾಯಿ ಸಾಯುವ ಮುಂದೆ ಆ ಹರವಿಯನ್ನು ಬೇರೆ ಯಾರೂ ಮುಟ್ಟಬಾರದು ಎಂದಿದ್ದಳಂತೆ.

ಸವಣೂರಿನ ಒಬ್ಬ ಬಟ್ಟೆ ಸಾವಕಾರರು ಯಾರದೋ ತೊಟ್ಟಿಲ ಕಾರ್ಯದಲ್ಲಿ ಆ ಕುಂಚಿಗೆ ನೋಡಿ ಹೇಳಿಕಳಿಸಿದರು. ಅವರ ಗುಮಾಸ್ತರು ಪುಣೆ, ಸೊಲ್ಲಾಪುರಕ್ಕೆ ಮಾದರಿ ಹೊತ್ತು ತಿರುಗುತ್ತಿದ್ದರು. ಬಿಳಿ ಬಟ್ಟೆ ದಾರಿಯಲ್ಲಿ ಮಾಸುತ್ತಿತ್ತು. ಅದಕ್ಕೆ ಫೋಟೋ ಮಾಡಿ ಅಂಟಿಸಿದ ಆಲ್ಬಮ್ಮು ಬೇಕು, ಚಿತ್ರ ನೋಡಿ ಗಿರಾಕಿ ಒಪ್ಪಿದರೆ ವರ್ಷವಿಡೀ ಕೆಲಸ ಕೊಡುತ್ತೇನೆ ಎಂದರು. ಕುಂಚಿಗೆಯ ಚಿತ್ರ ನೆಟ್ಟಗೆ ಬಂದರೆ ಖಣ, ಚೀಲ, ಗೊಂಬೆ ಎಲ್ಲದರ ಫೋಟೋ ಕೆಲಸವೂ ನನಗೇ.

ಅಕ್ಕ ನಮ್ಮ ಕಟ್ಟೆಗೆ ಬಂದು ಕೂತಳು. "ತಮ್ಮಾ, ಈ ಕೆಲಸ ಕೂಡಿ ಬಂತಂದ್ರ ಅಣ್ಣನ ಮನಿ ಬಾಜೂ ಖೋಲ್ಯಾಗ ನನ್ನ ಒಲಿ ನಾ ಹೂಡ್ತೇನಿ. ಇಲ್ಲಂದ್ರ ಮೈದುನ ಕರಿಯಾಕ ಬರ್ತಾನ. ಹಿರೇಕೆರೂರು ಕಡೆ ಅವರ ಮನ್ಯಾಗ ಸೆಗಣಿ ಬಳಕೊಂಡು ಬಿದ್ದಿರಬೇಕು."

"ಹಂಗ ಆಗೂದಿಲ್ಲಕ್ಕ. ನಾ ಇದ್ದೇನಲ್ಲ," ಅಂದೆ. ಆಗ ಆ ಮಾತು ಎಷ್ಟು ಸಲೀಸಾಗಿ ಬಂತು.

ಸ್ಟುಡಿಯೋದಲ್ಲಾದರೆ ಗಾಜಿನ ಚಾವಣಿ, ಪರದೆ ಎಲ್ಲ ಇರುತ್ತಿತ್ತು. ನನ್ನ ಹತ್ತಿರ ಇದ್ದದ್ದು ಹಾನಗಲ್ಲಿನ ಬಿಸಿಲು. ಮೊದಲ ದಿನ ಕುಂಚಿಗೆಯನ್ನು ಅಂಗಳದ ಗೋಡೆಯ ಮೊಳೆಗೆ ತೂಗುಹಾಕಿ ತೆಗೆದೆ. ಬಟ್ಟೆ ಬೆಳ್ಳಗೆ ಸುಟ್ಟುಹೋಗಿ, ಮಡಿಕೆಗಳ ನೆರಳು ಮಸಿಯಂತೆ ಬಿದ್ದು, ಒಣಹಾಕಿದ ಅರಿವೆಯ ಹಾಗೆ ಕಂಡಿತು. ತಲೆಯ ಆಕಾರ ಬೇಕಿತ್ತು. ತಂಬಿಗೆ ಬೋರಲು ಹಾಕಿ ಅದಕ್ಕೆ ತೊಡಿಸಿದೆ. ಅವ್ವ ಒಳಗಿನಿಂದ ನೋಡಿ ಬಂದಳು.

"ಕೂಸಿಲ್ಲದ ಕುಂಚಿಗಿ ಫೋಟೋ ತಗೀತಿಯೇನು? ಖಾಲಿ ತೊಟ್ಟಿಲಾ ತೂಗಿದಂಗ ಆತು. ಬ್ಯಾಡ."

ಓಣಿಯ ಒಂದು ಕೂಸನ್ನು ತಂದೆವು. ಹತ್ತಿರದಿಂದ ತೆಗೆಯಲು ಕ್ಯಾಮೆರಾದ ಮಡಿಕೆ ಮಡಿಕೆಯ ತಿದಿಯನ್ನು ಉದ್ದಕ್ಕೆ ಎಳೆಯಬೇಕು. ಆಗ ಒಳಗೆ ಬೀಳುವ ಬೆಳಕು ಕಡಿಮೆಯಾಗಿ, ಮುಚ್ಚಳ ತೆಗೆದು ಬಹಳ ಹೊತ್ತು ಕಾಯಬೇಕು. ಅಷ್ಟು ಹೊತ್ತು ಸುಮ್ಮನಿರುವ ಕೂಸು ಲೋಕದಲ್ಲಿ ಇಲ್ಲ. ಕೊನೆಗೆ ಅವ್ವನೇ ಒಳಗೆ ಹೋಗಿ, ಅರೆಯುವ ಗುಂಡಕಲ್ಲನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದಳು. ನಮ್ಮ ಕಡೆ ಹೆಸರಿಡುವ ದಿನ ತೊಟ್ಟಿಲಲ್ಲಿ ಮೊದಲು ಮಲಗುವುದು ಈ ಕಲ್ಲೇ. ಅದಕ್ಕೆ ಕುಂಚಿಗೆ ತೊಡಿಸಿ, ಗುಂಡಪ್ಪ ಎಂದು ಕರೆದು, ತೊಟ್ಟಿಲ ಕೆಳಗೂ ಮೇಲೂ ದಾಟಿಸಿ, ಆಮೇಲೆ ಕೂಸನ್ನು ಮಲಗಿಸುತ್ತಾರೆ.

"ನಿನಗಿಂತ ಮೊದಲ ನಿನ್ನ ತೊಟ್ಟಿಲದಾಗ ಮಲಗಿದಾಂವ ಇಂವಾ," ಅಂದಳು. "ಅಳೂದಿಲ್ಲ, ಉಚ್ಚಿ ಹೊಯ್ಯೂದಿಲ್ಲ. ನಿನಗಿಂತ ಶಾಣ್ಯಾ."

ಅಕ್ಕ ಬಾಯಿಗೆ ಸೆರಗು ಹಿಡಿದು ನಕ್ಕಳು. ಗುಂಡಪ್ಪನ ತಲೆಗೆ ಹಳೆಯ ಬಟ್ಟೆ ಸುತ್ತಿ, ಕುಂಚಿಗೆ ತೊಡಿಸಿ, ಗಲ್ಲದ ಕೆಳಗೆ ಲಾಡಿ ಕಟ್ಟಿದಳು. ಕಲ್ಲು ಅಲುಗಾಡುವ ಮಾತೇ ಇರಲಿಲ್ಲ.

ಅಲ್ಲಿಂದ ಮುಂದೆ ಬೆಳಕು. ಬಿಸಿಲಿನಿಂದ ಪಡಸಾಲೆಯೊಳಕ್ಕೆ ಬಂದೆವು. ಅದರ ಬಾಗಿಲು ಉತ್ತರಕ್ಕಿತ್ತು. ಅಪ್ಪನ ಹಳೆಯ ಧೋತರವನ್ನು ಎರಡು ಮಡಿಕೆ ಮಾಡಿ ಬಾಗಿಲಿಗೆ ಕಟ್ಟಿದೆ. ಬೆಳಕು ಸೋಸಿಕೊಂಡು ಹಾಲಿನ ಹಾಗೆ ಒಳಗೆ ಬಂತು. ಈಗಲೂ ಕಣ್ಣು ಮುಚ್ಚಿದರೆ ಆ ಬೆಳಕು ನನಗೆ ಕಾಣುತ್ತದೆ. ಆಮೇಲೆ ನಾನು ಎಷ್ಟೋ ವಿದ್ಯುತ್ ದೀಪ ಹಚ್ಚಿದೆ, ಅಂಥ ಬೆಳಕು ಯಾವುದೂ ಕೊಡಲಿಲ್ಲ. ಬಾಗಿಲ ಕಡೆಯ ಗಲ್ಲ ಚೆನ್ನಾಗಿ ಬಂದರೂ ಆಚೆಯ ಗಲ್ಲ ಕತ್ತಲೆಯಲ್ಲಿ ಮುಳುಗಿತ್ತು. ಚಿಮಣಿ ಎಣ್ಣೆಯ ಡಬ್ಬಿ ಸೀಳಿ, ಬಡಿದು ಚಪ್ಪಟೆ ಮಾಡಿ ಆ ಬದಿಗೆ ನಿಲ್ಲಿಸಿದೆ. ತಗಡು ಬೆಳಕನ್ನು ಹಿಂದಕ್ಕೆ ಎಸೆಯಿತು, ಆದರೆ ಬಟ್ಟೆಯ ಮೇಲೆ ಚಾಟಿಯ ಬರೆಯಂತೆ ಗೆರೆಗೆರೆಯಾಗಿ ಬಿತ್ತು. ಹೊಳಪು ಬೇಡ, ಬಿಳುಪು ಬೇಕು ಅನ್ನುವುದು ಆಗ ತಿಳಿಯಿತು. ಹಿತ್ತಲಲ್ಲಿ ಬಿದ್ದಿದ್ದ ಹಳೆಯ ಮೊರಕ್ಕೆ ಸುಣ್ಣ ಬಳಿದು ಒಣಗಿಸಿ, ಒರಳಿಗೆ ಆನಿಸಿ ಇಟ್ಟೆ. ಮೊರ ಮೂರು ಕಡೆ ಎದ್ದು ನಡುವೆ ತಗ್ಗಾಗಿ ಇರುವುದರಿಂದ ಬೆಳಕನ್ನು ಬೊಗಸೆಯಲ್ಲಿ ಹಿಡಿದಂತೆ ಕೂಡಿಸಿ ಕೊಟ್ಟಿತು. ನೆರಳು ಸಡಿಲಾಯಿತು.

ಇನ್ನೊಂದು ತೊಡಕು ಉಳಿಯಿತು. ಇಷ್ಟು ಮೆತ್ತಗಿನ ಬೆಳಕಿನಲ್ಲಿ ಹೊಲಿಗೆ ಚಪ್ಪಟೆಯಾಗಿ, ಬಟ್ಟೆಯ ಮೇಲೆ ಬರೆದ ಗೆರೆಯಂತೆ ಕಂಡಿತು. ದಾರ ಎದ್ದು ಕಾಣಬೇಕಾದರೆ ಒಂದು ಬದಿಯಿಂದ, ಬಟ್ಟೆಯನ್ನು ಸವರಿಕೊಂಡು ಹೋಗುವ ಚೂಪು ಬೆಳಕು ಬೇಕು. ಅಪ್ಪನ ಗಡ್ಡದ ಕನ್ನಡಿಯನ್ನು ಅಂಗಳದಲ್ಲಿ ಇಟ್ಟು, ಬಿಸಿಲನ್ನು ಧೋತರದ ಸಂದಿಯಿಂದ ಒಳಕ್ಕೆ ತಿರುಗಿಸಿದೆ. ಕನ್ನಡಿಯ ಮುಂದೆ ಎಣ್ಣೆ ಸವರಿದ ಕಾಗದ ಹಿಡಿದಾಗ ಅದರ ಖಾರ ಇಳಿಯಿತು. ಗಿಳಿಯ ರೆಕ್ಕೆಯ ಒಂದೊಂದು ಎಳೆಯೂ ಎದ್ದು ನಿಂತಿತು. ಆದರೆ ಸೂರ್ಯ ನಿಲ್ಲುವುದಿಲ್ಲವಲ್ಲ. ಅಕ್ಕ ಅಂಗಳದಲ್ಲಿ ಕೂತು ಕನ್ನಡಿ ಹೊರಳಿಸುತ್ತ, "ಸೂರ್ಯಪ್ಪ ಸರದಾನೋ ತಮ್ಮಾ, ಲಗೂ ಮಾಡು," ಎಂದು ಕೂಗುವಳು.

ಹೊಲದಿಂದ ಬಂದ ಅಪ್ಪ ಇದೆಲ್ಲ ನೋಡಿ ಹೊಸ್ತಿಲಲ್ಲೇ ನಿಂತ. "ಧೋತರಾ ಬಾಗಲಕ್ಕ, ಕನ್ನಡಿ ಅಂಗಳಕ್ಕ. ನಾ ಏನು ಉಟಗೊಳ್ಳಲಿ, ಎಲ್ಲಿ ನೋಡಿ ಗಡ್ಡಾ ಕೆರಕೊಳ್ಳಲಿ? ಇದರಾಗ ಗುಂಡಕಲ್ಲಿಗೆ ಟೊಪಿಗಿ ಬ್ಯಾರೆ."

ಇಲ್ಲಿಯವರೆಗಿನದು ನಾನು ಎಲ್ಲರಿಗೂ ಹೇಳುವ ಕಥೆ.

ಈ ಬೆಳಕಿನಲ್ಲಿ ಮೊದಲ ಪ್ಲೇಟು ಹಾಕುವ ಮುನ್ನ ಕರಿ ಬಟ್ಟೆಯೊಳಗೆ ತಲೆ ಹಾಕಿ ಹಿಂದಿನ ಮಸುಕು ಗಾಜಿನಲ್ಲಿ ನೋಡು ಎಂದು ಅಕ್ಕನನ್ನು ಕರೆದೆ. ಆಕೆ ಬಹಳ ಹೊತ್ತು ಹೊರಗೆ ಬರಲಿಲ್ಲ. ಬಟ್ಟೆಯೊಳಗಿಂದಲೇ, "ಗುಂಡಪ್ಪ ತಲಿಕೆಳಗಾಗಿ ನಿಂತಾನ," ಅಂದಳು. ಆಮೇಲೆ ಮೆಲ್ಲಗೆ, "ಕೆಂಪು ನೋಡೋ. ನಮ್ಮವ್ವ ಇದ್ದಾಗ ಹಿಂಗ ಹೊಳೀತಿತ್ತು." ಆ ಗಾಜಿನಲ್ಲಿ ಬಣ್ಣ ಇದ್ದದ್ದು ಇದ್ದಂತೆ ಕಾಣುತ್ತದೆ. ಅದೇ ಜಾಗಕ್ಕೆ ಪ್ಲೇಟು ಕೂತ ಮೇಲೆ ಕಾಣುವುದು ಬೇರೆ.

ಪ್ಲೇಟು ತೊಳೆಯಲು ಕಿಟಕಿಯಿಲ್ಲದ ಕಾಳಿನ ಕೋಣೆ ಇತ್ತು. ಹಗಲಲ್ಲೇ ಬಾಗಿಲಿಗೆ ಕಂಬಳಿ ಇಳಿಬಿಟ್ಟು ಒಳಗೆ ಕೂರುತ್ತಿದ್ದೆ. ಕೆಂಪು ದೀಪ ಒಂದೇ ಬೇಕು. ಬೇರೆ ಯಾವ ಬೆಳಕು ತಾಗಿದರೂ ಪ್ಲೇಟು ಕೆಡುತ್ತದೆ. ಸ್ಟುಡಿಯೋದವರು ಕೊಟ್ಟ ದೀಪದ ಕೆಂಪು ಗಾಜು, ಊರಿಗೆ ಬರುವಾಗ ತಡಸದ ಹತ್ತಿರ ಮೋಟಾರು ಕುಣಿದು ಒಡೆದಿತ್ತು. ಅಕ್ಕ ತನ್ನ ಹರವಿಯಲ್ಲಿ ಅದ್ದಿ ಒಂದು ಕಡುಗೆಂಪು ಬಟ್ಟೆ ಮಾಡಿಕೊಟ್ಟಳು. ಕಂದೀಲಿಗೆ ಅದನ್ನು ಮೂರು ಸುತ್ತು ಸುತ್ತಿದೆ. ಒಂದು ಪ್ಲೇಟೂ ಕೆಡಲಿಲ್ಲ. ಬೇಸಿಗೆಯ ಸೆಕೆಗೆ ಪ್ಲೇಟಿನ ಮೇಲಿನ ಪದರ ಅಂಚಿನಿಂದ ಸುರುಳಿಯಾಗಿ ಎದ್ದು ನೀರಿಗೆ ಜಾರುತ್ತಿತ್ತು. ಹೊಸ ಗಡಿಗೆಯ ತಣ್ಣೀರು ಹಾಕಿದರೂ ನಿಲ್ಲಲಿಲ್ಲ. ಪಟಿಕದ ನೀರಿನಲ್ಲಿ ಅದ್ದಿದರೆ ಗಟ್ಟಿಯಾಗುತ್ತದೆಂದು ನೆನಪಾಗಿ ಅದನ್ನೂ ಆಕೆಯ ಹತ್ತಿರವೇ ಕೇಳಿದೆ.

"ದಾರಕ್ಕ ಬಣ್ಣಾ ಕಚ್ಚಾಕ ನಾ ಹಾಕ್ತೇನಿ. ನಿನ್ನ ಗಾಜಿಗೂ ಇದ ಬೇಕೇನು?" ಎಂದು ಒಂದು ಹಿಡಿ ಕೊಟ್ಟಳು.

ಕಾಗದದ ಮೇಲೆ ಚಿತ್ರ ಇಳಿಸಿ ನೋಡಿದಾಗ ಬೆಳಕು ನಾನು ಬಯಸಿದಂತೆಯೇ ಬಂದಿತ್ತು. ಗುಂಡಪ್ಪ ನಿಜವಾದ ಕೂಸಿನ ಹಾಗೆ ಕೂತಿದ್ದ. ಆದರೆ ಹೊಲಿಗೆ ಒಂದೇ ಸಮ ಇರಲಿಲ್ಲ. ಗಿಳಿಯ ಕೊರಳು ಕಪ್ಪು, ರೆಕ್ಕೆ ಬೂದು, ಗೋಪುರದ ಒಂದು ಮಗ್ಗುಲು ಮಸಿ ಚೆಲ್ಲಿದಂತೆ. ಕುಂಚಿಗೆಯನ್ನು ಪಕ್ಕದಲ್ಲಿಟ್ಟು ನೋಡಿದೆ. ಕಣ್ಣಿಗೆ ಎಲ್ಲೆಡೆ ಒಂದೇ ಕೆಂಪು. ತೊಳೆಯುವಾಗ ಏನೋ ಆಗಿರಬೇಕೆಂದು ಇನ್ನೊಂದು ಪ್ಲೇಟು ತೆಗೆದೆ. ಅದೂ ಹಾಗೇ ಬಂತು. ಬೆಳಕಿನ ಗೆಲುವಿನಲ್ಲಿದ್ದ ನಾನು, ಇದನ್ನು ಯಾರು ಗಮನಿಸುತ್ತಾರೆ ಎಂದು ಚಿತ್ರ ತೆಗೆದುಕೊಂಡು ಶಿಗ್ಗಾಂವಿಯ ಮೇಲೆ ಸವಣೂರಿಗೆ ಹೋದೆ.

ಸಾವಕಾರರು ಗಾದಿಯ ಮೇಲೆ ಕೂತಿದ್ದರು. ಚಿತ್ರವನ್ನು ಬಾಗಿಲ ಬೆಳಕಿಗೆ ಹಿಡಿದು ಹತ್ತಿರ ತಂದರು, ದೂರ ಹಿಡಿದರು.

"ಏನಪಾ ಫೋಟೋ ಮಾಸ್ತರ, ಗಿಳಿಗೆ ತುರಿ ಹತ್ತೇತೇನು?"

ಗುಮಾಸ್ತ ನಕ್ಕ.

"ಬೆಳಕು ಮಸ್ತ ಐತಿ. ಸುಳ್ಳ ಯಾಕ ಹೇಳ್ಲಿ. ಆದ್ರ ಇದು ಬಣ್ಣಾ ಬಿಟ್ಟಂಗ ಕಾಣಸ್ತೈತಿ. ಪುಣೆದಾಂವ ಇದನ್ನ ನೋಡಿದ್ರ ನನ್ನ ಅಂಗಡಿ ಹೆಸರು ಕೆಡತೈತಿ." ಚಿತ್ರವನ್ನು ನನ್ನ ಮುಂದೆ ಇಟ್ಟರು. "ಖರೇ ಹೇಳು. ಇದು ನಿನ್ನ ಡಬ್ಬಿ ತಪ್ಪೋ, ಆಕಿ ದಾರದ ತಪ್ಪೋ?"

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲರಿ ಅನ್ನಬಹುದಿತ್ತು. ಹಾಗೆಂದರೆ ಖಣ, ಚೀಲ, ಗೊಂಬೆ ಎಲ್ಲ ಹುಬ್ಬಳ್ಳಿಯ ಸ್ಟುಡಿಯೋಕ್ಕೆ ಹೋಗುತ್ತಿದ್ದವು. ಅಪ್ಪನ ಮುಂದೆ ಮತ್ತೆ ನೇಗಿಲು ಹಿಡಿಯಬೇಕಿತ್ತು.

"ದಾರದ್ದ ಇರಬೇಕ್ರಿ ಸಾವ್ಕಾರ್ರ," ಅಂದೆ. "ಮನ್ಯಾಗ ಕುದಿಸಿದ ಬಣ್ಣ. ಕಚ್ಚಾ ಇರತೈತ್ರಿ."

"ಹೌದಲ್ಲ," ಅಂದರು ಸಾವಕಾರರು. "ಮತ್ತೇನು ಮಾಡೂದು?"

"ಗಿರಣಿ ದಾರಾ ಕೊಡ್ರಿ. ಆಕಿ ಕಡಿಂದ ಅದರಾಗ ಹೊಲಸಿ ಮತ್ತ ತಗದ ಕೊಡ್ತೇನಿ."

ಕೆಲಸ ಉಳಿಯಿತು ಎಂದು ಎದೆ ಹಗುರಾಗಿ, ಗಿರಣಿ ದಾರದ ಪೊಟ್ಟಣ ಕಂಕುಳಲ್ಲಿ ಇಟ್ಟುಕೊಂಡು ಹೊರಟೆ. ಯಲವಿಗಿ ಸ್ಟೇಷನ್ನಿಗೆ ಹುಬ್ಬಳ್ಳಿಯಿಂದ ನನ್ನ ಪ್ಲೇಟಿನ ಪೆಟ್ಟಿಗೆ ಬಂದಿತ್ತು. ಅದನ್ನು ಬಿಡಿಸಿಕೊಂಡು, ಕಟ್ಟೆಯ ಮೇಲೆ ಕೂತು ಹುರಿದ ಶೇಂಗಾ ತಿಂದೆ. ಬಹಳ ರುಚಿಯಾಗಿತ್ತು ಎಂಬ ನೆನಪು ಇದೆ. ಅದನ್ನೂ ಬರೆದಿಡಬೇಕು.

ಮರುದಿನ ಕಾಳಿನ ಕೋಣೆಯಲ್ಲಿ ಹೊಸ ಪೆಟ್ಟಿಗೆ ಒಡೆದು, ಒಂದು ಪ್ಲೇಟನ್ನು ಕಂದೀಲಿನ ಮುಂದೆ ಹಿಡಿದು ಪದರ ಯಾವ ಕಡೆಗಿದೆ ನೋಡುತ್ತಿದ್ದೆ. ಅಕ್ಕ ಅದ್ದಿಕೊಟ್ಟ ಬಟ್ಟೆಯ ಕೆಂಪು ಬೆಳಕು ಪ್ಲೇಟಿನ ಮೇಲೆಲ್ಲ ಬಿದ್ದಿತ್ತು. ಬೇರೆ ಯಾವ ಬೆಳಕಾದರೂ ಅಷ್ಟು ಹೊತ್ತಿಗೆ ಅದನ್ನು ಸುಟ್ಟುಬಿಡುತ್ತಿತ್ತು. ಇದು ಸುಡುವುದಿಲ್ಲ. ಯಾಕೆ ಸುಡುವುದಿಲ್ಲ? ಪ್ಲೇಟಿಗೆ ಕೆಂಪು ಕಾಣುವುದಿಲ್ಲ, ಅದಕ್ಕೆ.

ಕೈಯಲ್ಲಿದ್ದುದನ್ನು ಮೆಲ್ಲಗೆ ಪೆಟ್ಟಿಗೆಯಲ್ಲಿಟ್ಟು ಮುಚ್ಚಿ, ಕಂಬಳಿ ಸರಿಸಿ ಪಡಸಾಲೆಗೆ ಬಂದೆ. ಗೋಡೆಯ ಮೇಲೆ ಅವ್ವನ ಹಣೆಯ ಕುಂಕುಮ ಕಾಡಿಗೆಯ ಬಟ್ಟಾಗಿ ನನ್ನನ್ನೇ ನೋಡುತ್ತಿತ್ತು. ಬೇರಿನ ಬಣ್ಣ ಲಡಿಯಿಂದ ಲಡಿಗೆ ಕೂದಲೆಳೆಯಷ್ಟು ಬೇರೆ ಇರುತ್ತದೆ. ನಮ್ಮ ಕಣ್ಣಿಗೆ ಅದು ತಿಳಿಯುವುದಿಲ್ಲ. ಸ್ವಲ್ಪ ಹಳದಿಯತ್ತ ವಾಲಿದ ಎಳೆ ಪ್ಲೇಟಿಗೆ ತುಸು ಕಂಡು ಬೂದುಬಣ್ಣವಾಗಿತ್ತು, ಅಚ್ಚ ಕೆಂಪು ಏನೂ ಕಾಣದೆ ಕಪ್ಪಾಗಿತ್ತು. ದಾರ ಬಣ್ಣ ಬಿಟ್ಟಿರಲಿಲ್ಲ. ನನ್ನ ಪ್ಲೇಟು ಕುರುಡು. ಅದನ್ನು ತಿಳಿಯದೆ ದಿನಾ ಅದೇ ಕುರುಡಿನ ಆಸರೆಯಲ್ಲಿ ಕೂತು ನಾನು ಕೆಲಸ ಮಾಡುತ್ತಿದ್ದೆ.

ಆಗ ಅಕ್ಕ ಬಂದಳು. ಗಿರಣಿ ದಾರದ ಪೊಟ್ಟಣವನ್ನೂ ಸವಣೂರಿನಲ್ಲಿ ಆದ ಮಾತನ್ನೂ ಹಿಂದಿನ ಸಂಜೆಯೇ ಅವ್ವನ ಕೈಲಿ ಆಕೆಗೆ ಮುಟ್ಟಿಸಿದ್ದೆ, ನಾನೇ ಹೋಗಿರಲಿಲ್ಲ. ಕೈಯಲ್ಲಿ ಕಲಾಯಿ ಹಾಕಿದ ಹಿತ್ತಾಳೆಯ ಬೋಗುಣಿ. ಅದರಲ್ಲಿ ಕೆಂಪು ದಾರದ ಕುಂಚಿಗೆ ಇನ್ನೂ ಹೊಗೆಯಾಡುವ ನೀರಿನಲ್ಲಿ ಮುಳುಗಿತ್ತು. ಅರಿವೆ ಒಗೆಯುವ ಸವಳು ಹಾಕಿ ಕುದಿಸಿಕೊಂಡು ನೇರ ತಂದಿದ್ದಳು. ಬೋಗುಣಿಯನ್ನು ನನ್ನ ಮುಂದೆ, ಧೋತರದಿಂದ ಸೋಸಿ ಬಂದ ಬೆಳಕಿನಲ್ಲಿ ಇಟ್ಟಳು.

"ನೋಡು. ನೀರು ತಿಳಿ ಐತಿ. ಎಲ್ಲಿ ಬಿಟ್ಟೈತಿ ಬಣ್ಣಾ? ಬೆರಳ ಅದ್ದಿ ನೋಡು."

ನಾನು ನೋಡಿದೆ. ಬೋಗುಣಿಯ ತಳ ಕಾಣುತ್ತಿತ್ತು.

"ಸಾವಕಾರಗ ನೀನ ಹೇಳಿದಿಯಂತ, ಕಚ್ಚಾ ಅಂತ. ಅವ್ವಾರು ಅಂದ್ರು. ನೀ ಹೇಳಿದ್ದು ಖರೇನು?"

ಇದೇ ಆ ಗಳಿಗೆ. ಇಲ್ಲಿಗೆ ಬಂದಾಗಲೇ ನಾನು ಪ್ರತಿ ಸಲ ಕನ್ನಡಕ ತೆಗೆದಿಟ್ಟದ್ದು. ಸಾವಕಾರರ ಮುಂದೆ ಹೇಳಿದ್ದು ತಿಳಿಯದೆ ಹೇಳಿದ್ದು. ಇದು ಹಾಗಲ್ಲ, ತಿಳಿದು ಹತ್ತು ನಿಮಿಷವೂ ಆಗಿರಲಿಲ್ಲ. ಅಕ್ಕಾ, ತಪ್ಪು ನನ್ನ ಪ್ಲೇಟಿಂದು, ನಡಿ ಸವಣೂರಿಗೆ ಹೋಗಿ ಹೇಳೂಣು ಅನ್ನಬೇಕಿತ್ತು. ಬದಲಿಗೆ ನಾನು ಮ್ಯಾಟ್ರಿಕ್ ಓದಿದವನ ದನಿಯಲ್ಲಿ ಹೀಗಂದೆ:

"ನೀರಿಗೆ ಬಿಟ್ಟಿಲ್ಲಕ್ಕ. ಒಳಗೊಳಗ ಬಿಡಾಕತ್ತೈತಿ. ನಮ್ಮ ಕಣ್ಣಿಗೆ ಕಾಣದ್ದು ಕ್ಯಾಮೆರಾಕ್ಕ ಕಾಣತೈತಿ."

ಆಕೆ ಕ್ಯಾಮೆರಾದ ಕಡೆ ನೋಡಿದಳು. ಅದು ಮೂರು ಕಾಲಿನ ಮೇಲೆ, ಮುಚ್ಚಳ ಹಾಕಿಕೊಂಡು, ಗುಂಡಪ್ಪನತ್ತ ಮುಖ ಮಾಡಿ ನಿಂತಿತ್ತು. ಒಂದು ಮಾತೂ ವಾದಿಸಲಿಲ್ಲ. ವಾದಿಸಿದ್ದರೆ ನಾನು ಒಪ್ಪಿಕೊಳ್ಳುತ್ತಿದ್ದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ.

"ಅದಕ್ಕ ಕಂಡೈತಿ ಅಂದಮ್ಯಾಲೆ ಮುಗೀತು," ಅಂದಳು. "ನಮ್ಮವ್ವಗ ಗೊತ್ತಾಗಿರಲಿಲ್ಲ, ಪಾಪ."

ಗಿರಣಿ ದಾರದಲ್ಲಿ ಹೊಸ ಕುಂಚಿಗೆ ಹೊಲಿದು ಕೊಟ್ಟಳು. ಅದೂ ಕೆಂಪೇ, ಯಂತ್ರದ ಬಣ್ಣವಾದ್ದರಿಂದ ಎಳೆ ಎಳೆಯೂ ಒಂದೇ ಸಮ, ಚಿತ್ರದಲ್ಲಿ ಎಲ್ಲೆಡೆ ಒಂದೇ ಕಪ್ಪು. ಬಿಳಿಯ ಮೇಲೆ ಗಿಳಿ ಅಚ್ಚು ಒತ್ತಿದಂತೆ ಬಂತು. ಅದೇ ಧೋತರ, ಅದೇ ಮೊರ, ಅದೇ ಕನ್ನಡಿ. ಆದರೆ ಈ ಸಲ ಅಂಗಳದಿಂದ ಸೂರ್ಯಪ್ಪನ ಸುದ್ದಿ ಬರಲಿಲ್ಲ. ಆಕೆ ಸುಮ್ಮನೆ ಕನ್ನಡಿ ಹೊರಳಿಸಿದಳು. ಸಾವಕಾರರು ಮೆಚ್ಚಿದರು. ಪುಣೆಯಿಂದ ಬೇಡಿಕೆ ಬಂತು. ಅಕ್ಕ ಬಾಜೂ ಖೋಲಿಯಲ್ಲಿ ಒಲೆ ಹೂಡಿದಳು, ಮೊದಲ ದಿನ ಹೋಳಿಗೆ ಮಾಡಿ ನಮ್ಮ ಮನೆಗೆ ಕಳಿಸಿದಳು. ಎಲ್ಲರಿಗೂ ಒಳ್ಳೆಯದೇ ಆಯಿತಲ್ಲ ಎಂದುಕೊಂಡು ನಾನು ಹೋಳಿಗೆ ತಿಂದೆ.

ಕೆಲವು ದಿನಗಳ ಮೇಲೆ ಹಿತ್ತಲ ಗೋಡೆಯ ಆಚೆ ನೋಡಿದಾಗ ಬಣ್ಣದ ಹರವಿ ತಿಪ್ಪೆಯ ಮೇಲೆ ಬೋರಲು ಬಿದ್ದಿತ್ತು. ಅಂಚು ಒಡೆದಿತ್ತು.

"ಅಕ್ಕಾ, ಹರವಿ ಯಾಕ ಒಗದಿ?"

"ಕೂಸಿನ ಮೈಗೆ ತಾಗೂದಪ್ಪ ಅದು. ಕಚ್ಚಾ ಬಣ್ಣಾ ಹೆಂಗ ಹಾಕ್ಲಿ?" ಒಳಗೆ ಹೋಗಿ ಆ ಮೊದಲಿನ ಕೆಂಪು ಕುಂಚಿಗೆಯನ್ನು ತಂದು ಗೋಡೆಯ ಮೇಲಿಂದ ಕೊಟ್ಟಳು. "ಇದೊಂದ ಉಳದೈತಿ. ತಿಪ್ಪಿಗೆ ಒಗ್ಯಾಕ ಮನಸ್ಸಾಗವಲ್ದು. ಗುಂಡಪ್ಪಗ ಇರಲಿ. ಮುಂದ ನಿನ್ನ ಕೂಸಿಗೆ ಹಾಕಿದ್ರ ಹಾಕು. ಬಣ್ಣಾ ಹೋತಂದ್ರ ಬೈಬ್ಯಾಡ."

ಯುದ್ಧ ಬಂತು. ಮೊದಲು ಪ್ಲೇಟು ಸಿಗದಾಯಿತು, ಕ್ಯಾಮೆರಾಕ್ಕೆ ಗೋಣಿ ಸುತ್ತಿ ಅಟ್ಟಕ್ಕೆ ಹಾಕಿದೆ. ಆಮೇಲೆ ಗಿರಣಿ ದಾರವೂ ನಿಂತಿತು. ಸಾವಕಾರರು ಹಾನಗಲ್ಲಿಗೇ ಬಂದರು. ಅಕ್ಕಿಆಲೂರು ಸಂತೆಗೆ ಹೋಗುವ ದಾರಿಯಲ್ಲಿ ನಮ್ಮ ಕಟ್ಟೆಯ ಮೇಲೆ ಕೂತು, "ಪುಣೆದವರು ಮನಿಬಣ್ಣ ಆದ್ರೂ ನಡೀತೈತಿ ಅನ್ನಾಕತ್ತಾರ. ಪಕ್ಕಾ ಬಣ್ಣ ಹಾಕಾವ್ರು ಯಾರರ ಅದಾರೇನು ಈ ಕಡೆ?" ಎಂದು ಕೇಳಿದರು. ಆಕೆ ಎರಡು ಮನೆ ಆಚೆ ಇದ್ದಳು. ಆಕೆಯ ಹೆಸರು ಹೇಳಿದರೆ, ಅಂದು ಕಚ್ಚಾ ಎಂದವನು ನೀನೇ ಅಲ್ಲವೇ ಎಂಬ ಮಾತು ಬರುತ್ತಿತ್ತು. "ಯಾರೂ ಇಲ್ರಿ," ಅಂದೆ.

ಕೆಲಸವಿಲ್ಲದೆ ಅಕ್ಕ ಒಂದು ವರ್ಷ ಹೇಗೋ ತಳ್ಳಿದಳು. ಒಲೆ ಮತ್ತೆ ಅಣ್ಣನ ಮನೆಗೆ ಕೂಡಿತು. ನಂತರ ಮೈದುನ ಕರೆಯಲು ಬಂದ. ನಾನು ಮೋಟಾರು ನಿಲ್ಲುವ ಕಡೆ ಕಳಿಸಲು ಹೋದೆ, ಆಕೆಯ ಟ್ರಂಕು ಹೊತ್ತುಕೊಂಡು. ದಾರಿಯುದ್ದಕ್ಕೂ ಮಾತು ನಾಲಗೆಯ ಮೇಲೆ ಇತ್ತು: ಅಕ್ಕಾ, ನಿನ್ನ ಬಣ್ಣ ಪಕ್ಕಾ, ಅಲ್ಲಿ ಹೋಗಿ ಹರವಿ ಇಡು, ನಾ ಸುಳ್ಳ ಹೇಳಿದ್ದೆ. ಮೋಟಾರು ಬಂತು. ಆಕೆ ಕಿಟಕಿಯಿಂದ ಬಗ್ಗಿ, "ಗುಂಡಪ್ಪನ್ನ ಕೇಳ್ದೆ ಅಂತ ಹೇಳು," ಎಂದು ನಕ್ಕಳು.

"ಸೌಕಾಶ ಹೋಗಿ ಬಾ ಅಕ್ಕಾ," ಅಂದೆ.

ಯುದ್ಧ ಮುಗಿದು ಕ್ಯಾಮೆರಾ ಅಟ್ಟದಿಂದ ಇಳಿದ ಮೇಲೆ ಎರಡು ಸಲ ಮದುವೆಯ ಫೋಟೋ ತೆಗೆಯಲು ಹಿರೇಕೆರೂರಿಗೆ ಹೋದೆ. ಆಕೆಯ ಊರು ಅಲ್ಲಿಂದ ಹರದಾರಿ ದೂರ. ಮೊದಲ ಸಲ ಹೊತ್ತಾಯಿತು ಎಂದು ಹಿಂದಿರುಗಿದೆ. ಎರಡನೆಯ ಸಲ ಊರ ಅಗಸೆ ಬಾಗಿಲ ತನಕ ಹೋಗಿ, ಬಾವಿಯ ಹತ್ತಿರ ನೀರು ಕುಡಿದು ಮರಳಿದೆ. ಮೂರನೆಯ ಸಲ ಹೋಗುವಷ್ಟರಲ್ಲಿ, ಆಕೆ ತೀರಿಹೋದಳೆಂದು ಅಣ್ಣನ ಮನೆಯವರು ಸೂತಕಕ್ಕೆ ಮಿಂದು ಬಂದದ್ದನ್ನು ನೋಡಿದೆ.

ನನ್ನ ಮೊದಲ ಮಗಳಿಗೆ ಹೆಸರಿಡುವ ದಿನ ಅವ್ವ ಪೆಟ್ಟಿಗೆಯ ತಳದಿಂದ ಆ ಕುಂಚಿಗೆ ತೆಗೆದು, ವಾಡಿಕೆಯಂತೆ ಮೊದಲು ಗುಂಡಪ್ಪನಿಗೆ, ಆಮೇಲೆ ಕೂಸಿಗೆ ತೊಡಿಸಿದಳು. ಆಮೇಲೆ ಗಂಡುಮಕ್ಕಳು, ಮೊಮ್ಮಕ್ಕಳು. ಹಾಲು ಕಕ್ಕಿದ್ದು, ಎಣ್ಣೆ ಹತ್ತಿದ್ದು ಎಲ್ಲ ಸೇರಿ ಅದನ್ನು ಎಷ್ಟು ಸಲ ಸವಳು ಹಾಕಿ ಕುದಿಸಿದ್ದಾರೋ. ಬಿಳಿ ಬಟ್ಟೆ ಹಳದಿಯಾಗಿ, ಲಾಡಿ ಎರಡು ಸಲ ಬದಲಾಗಿದೆ. ಹೋದ ವಾರ ಮೊಮ್ಮಗಳು ತನ್ನ ಕೂಸಿಗೆ ತೊಡಿಸಲು ಕೇಳಿದಳು. ಅದನ್ನು ಬೇರೆ ಯಾರ ಕೈಗೂ ಕೊಡದೆ ನಾನೇ ಹಿತ್ತಲಲ್ಲಿ ನೀರು ಕಾಯಿಸಿ, ಸ್ಟೀಲಿನ ಬೋಗುಣಿಯಲ್ಲಿ ನೆನೆಹಾಕಿ, ಪಕ್ಕದಲ್ಲಿ ಕೂತೆ. ಕಣ್ಣು ಈಗ ಅಷ್ಟು ಕಾಣುವುದಿಲ್ಲ, ಬಗ್ಗಿ ನೋಡಿದೆ. ಗಿಳಿ ಅದೇ ಕೆಂಪು. ಬೋಗುಣಿಯ ತಳ ಕಾಣುತ್ತಿತ್ತು.

ಆ ಬಣ್ಣ ಕುದಿಸಿದವಳ ಹೆಸರು ಫಕ್ಕೀರವ್ವ.